ಬೀಗದ ಕೈ ಕೊಡುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ಹಳೇ ಬಡಾವಣೆಗಳಿಂದ: ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ನೆಲೆಸಿದ ಜಾಗಗಳಿವು. ಈಗ ಅಲ್ಲಿ ಹಳೇ ಮನೆ ಕೆಡವುವ ಸದ್ದಿಲ್ಲದ ಬೀದಿ ಕಡಿಮೆ. ಬರೆದವರಲ್ಲಿ ಮನೆ ಮಾಲೀಕರಿದ್ದಾರೆ, ಬಾಡಿಗೆದಾರರಿದ್ದಾರೆ, ಭೋಗ್ಯಕ್ಕೆ ಇರುವವರಿದ್ದಾರೆ, ಬೀದಿಯಲ್ಲಿ ವ್ಯಾಪಾರ ಮಾಡುವವರಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ. ಕಾನೂನಿನ ಪ್ರಶ್ನೆಗಳಿಗೆ ಸಿವಿಲ್ ವಕೀಲರು, ಕಟ್ಟಡದ ಪ್ರಶ್ನೆಗಳಿಗೆ ಸ್ಟ್ರಕ್ಚರಲ್ ಎಂಜಿನಿಯರು ಉತ್ತರಿಸಿದ್ದಾರೆ.

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮದು ನಲವತ್ತು ಅರವತ್ತರ ಸೈಟು, ತಾತ ಕಟ್ಟಿಸಿದ ಹೆಂಚಿನ ಮನೆ. ಬಿಲ್ಡರ್ ಒಬ್ಬರು ಅದನ್ನು ಕೆಡವಿ ಫ್ಲಾಟು ಕಟ್ಟಿ ಅರ್ಧರ್ಧ ಪಾಲು, ಜೊತೆಗೆ ಇಪ್ಪತ್ತು ಲಕ್ಷ ಡೆಪಾಸಿಟ್ ಕೊಡುತ್ತೇವೆ, ಒಂದು ತಿಂಗಳಲ್ಲಿ ಖಾಲಿ ಮಾಡಿ ಅನ್ನುತ್ತಿದ್ದಾರೆ. ಕರಾರಿನ ಕರಡು ಹದಿನೆಂಟು ಪುಟ, ಇಂಗ್ಲಿಷಿನಲ್ಲಿದೆ. ಏನೇನು ನೋಡಬೇಕು?

ಉತ್ತರ: ಅರ್ಧ ಅಂದರೆ ಯಾವುದರಲ್ಲಿ ಅರ್ಧ, ಮೊದಲು ಅದನ್ನು ಕೇಳಿ. ನಿಮ್ಮ ಸೈಟು 2,400 ಚದರಡಿ. ಉದಾಹರಣೆಗೆ 1.75 ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಸಿಕ್ಕಿತು ಅನ್ನಿ, ಕಟ್ಟಬಹುದಾದದ್ದು 4,200 ಚದರಡಿ, ನಿಮ್ಮ ಪಾಲು 2,100. ಇದೇ ಪಾಲು ಬಿಲ್ಡರ್ ಕೊಡುವ ಕಾಗದದಲ್ಲಿ ಸೂಪರ್ ಬಿಲ್ಟ್‌ಅಪ್ ಲೆಕ್ಕ ಹಿಡಿದು 2,600 ಎಂದು ಕಾಣಬಹುದು. ಮೆಟ್ಟಿಲು, ಲಿಫ್ಟು, ಪ್ಯಾಸೇಜು ಎಲ್ಲ ಅದರೊಳಗೆ ಸೇರಿರುತ್ತವೆ. ಗೋಡೆಯ ದಪ್ಪವನ್ನೂ ಕಳೆದು ನೀವು ಕಾಲಿಟ್ಟು ಓಡಾಡುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, ಅಳೆದರೆ 1,800ರ ಸುತ್ತ ಬರುತ್ತದೆ. ಆದ್ದರಿಂದ ಕರಾರಿನಲ್ಲಿ ಪಾಲು ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ಇರಲಿ. ಯಾವ ಮಹಡಿ, ಯಾವ ದಿಕ್ಕಿನ ಫ್ಲಾಟು, ಎಷ್ಟನೇ ನಂಬರಿನ ಪಾರ್ಕಿಂಗ್, ತಾರಸಿಯ ಹಕ್ಕು ಯಾರಿಗೆ, ಇಷ್ಟನ್ನೂ ಬರೆಸಿ. ನೆಲದಲ್ಲಿ ಅವಿಭಜಿತ ಪಾಲು 1,200 ಚದರಡಿ ನಿಮ್ಮ ಹೆಸರಿನಲ್ಲೇ ಉಳಿಯಬೇಕು. ಕಟ್ಟಡಕ್ಕೆ ಐವತ್ತು ವರ್ಷ ಆದ ಮೇಲೆ ಬೆಲೆ ಉಳಿಯುವುದು ನೆಲಕ್ಕೆ.

ಎರಡನೆಯದು ಕೆಲಸಗಳ ಕ್ರಮ. ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲೇ. ಬಿಲ್ಡರ್ ಮೊದಲು ಮನೆ ಖಾಲಿ ಮಾಡಿಸುತ್ತಾರೆ, ಆಮೇಲೆ ಮನೆ ಕೆಡವುತ್ತಾರೆ, ಪ್ಲಾನಿಗೆ ಅರ್ಜಿ ಹಾಕುವುದು ಅದಾದ ಮೇಲೆ. ಖಾತಾದಲ್ಲಿ ಹೆಸರು ಸರಿಯಿಲ್ಲ, ಅಳತೆಯಲ್ಲಿ ಒಂದಡಿ ವ್ಯತ್ಯಾಸ ಇದೆ ಎಂದು ಪ್ಲಾನು ನಿಂತುಬಿಟ್ಟರೆ ನೀವು ಬಾಡಿಗೆ ಮನೆಯಲ್ಲಿ, ಸೈಟು ತಗಡಿನ ಬೇಲಿಯೊಳಗೆ. ಇದನ್ನು ತಿರುಗಿಸಿ. ನೀವು ಮನೆಯಲ್ಲಿ ಇರುವಾಗಲೇ ಇ-ಖಾತಾ ಆಗಲಿ, ಸರ್ವೆ ಆಗಲಿ, ಕರಾರು ನೋಂದಣಿಯಾಗಲಿ, ಪ್ಲಾನು ಮಂಜೂರಾಗಲಿ, ಮಂಜೂರಾದ ಪ್ಲಾನಿನ ಪ್ರಕಾರ ಯಾವ ಫ್ಲಾಟು ಯಾರದು ಎಂಬ ಹಂಚಿಕೆ ಪತ್ರಕ್ಕೆ ಸಹಿ ಬೀಳಲಿ. ಬೀಗದ ಕೈ ಕೊಡುವುದು ಇದೆಲ್ಲ ಮುಗಿದ ಮೇಲೆ. ಇಷ್ಟಕ್ಕೆ ಆರು ತಿಂಗಳು ಹಿಡಿದರೂ ಹಿಡಿಯಲಿ. ತಿಂಗಳೊಳಗೆ ಖಾಲಿ ಮಾಡಲೇಬೇಕು ಅನ್ನುವವರ ಅವಸರಕ್ಕೆ ನಿಮ್ಮ ಕಡೆ ಯಾವ ಕಾರಣವೂ ಇಲ್ಲ.

ಮೂರನೆಯದು ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ಸಹಿ ಹಾಕಲು ಬಿಲ್ಡರಿಗೆ ಕೊಡುವ ಅಧಿಕಾರ ಪತ್ರ. ಕರಾರಿನ ಜೊತೆ ಇದಕ್ಕೂ ಸಹಿ ಕೇಳುತ್ತಾರೆ. ಅದರಲ್ಲಿ ‘ಅಡಮಾನ’ ಎಂಬ ಅರ್ಥದ ಪದ ಎಲ್ಲಿದೆ ಎಂದು ವಕೀಲರಿಂದ ಹುಡುಕಿಸಿ. ಇಡೀ ಸೈಟನ್ನು ಬ್ಯಾಂಕಿಗೆ ಒತ್ತೆಯಿಡುವ ಅಧಿಕಾರ ಕೊಟ್ಟಿದ್ದರೆ, ಬಿಲ್ಡರ್ ಸಾಲ ತೀರಿಸದಿದ್ದಾಗ ಬ್ಯಾಂಕಿನ ನೋಟಿಸು ಅಂಟುವುದು ನಿಮ್ಮ ಗೇಟಿಗೆ. ಪ್ಲಾನು, ವಿದ್ಯುತ್ತು, ನೀರಿನ ಅರ್ಜಿಗಳಿಗೆ ಸಹಿ ಹಾಕುವ ಅಧಿಕಾರ ಕೊಡಿ. ಮಾರುವ ಅಧಿಕಾರ ಅವರ ಪಾಲಿನ ಫ್ಲಾಟುಗಳಿಗೆ ಮಾತ್ರ ಇರಲಿ, ಅದೂ ಹಂತಹಂತವಾಗಿ. ಕಟ್ಟಡದಲ್ಲಿ ವಾಸ ಮಾಡಬಹುದು ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಕೈಗೆ ಬರುವವರೆಗೆ ಅವರ ಪಾಲಿನಲ್ಲಿ ಕನಿಷ್ಠ ಒಂದು ಫ್ಲಾಟನ್ನಾದರೂ ಮಾರದೆ ಉಳಿಸಿಕೊಳ್ಳಬೇಕು ಎಂದು ಬರೆಸಿ. ಮೂಲ ಪತ್ರಗಳನ್ನು ಕೊಡಬೇಡಿ, ದೃಢೀಕೃತ ಪ್ರತಿ ಸಾಕು.

ಬಾಡಿಗೆ, ಸಾಗಾಟದ ಖರ್ಚು ಎಷ್ಟು, ಎಲ್ಲಿಯವರೆಗೆ? ‘ಕಟ್ಟಡ ಮುಗಿಯುವವರೆಗೆ’ ಎಂದಿದ್ದರೆ ಒಪ್ಪಬೇಡಿ. ಮುಗಿಯಿತು ಎಂದು ಹೇಳುವವರು ಬಿಲ್ಡರೇ. ‘ಓಸಿ ಸಿಕ್ಕಿ ಫ್ಲಾಟು ಒಪ್ಪಿಸುವವರೆಗೆ’ ಎಂದಿರಲಿ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಈ ಒಂದು ಕಾಗದದ ತೂಕ ಬಹಳ ಹೆಚ್ಚಿದೆ. ‘ಪ್ಲಾನಿನಲ್ಲಿ ಇಲ್ಲದ ಇನ್ನೊಂದು ಮಹಡಿ ಏರಿಸಿ ನಿಮಗೂ ಪಾಲು ಕೊಡುತ್ತೇವೆ’ ಎಂಬ ಆಸೆಗೆ ಬಿದ್ದರೆ ಕೆಳಗಿನ ಸಕ್ರಮ ಮಹಡಿಗಳ ಓಸಿಯೂ ಹೋಗುತ್ತದೆ.

ಇನ್ನೊಂದು ಮಾತು. ಫ್ಲಾಟು ಕೊಳ್ಳುವವರನ್ನು ಕಾಯುವ ರಿಯಲ್ ಎಸ್ಟೇಟ್ ಕಾಯ್ದೆ, ರೇರಾ ಇದೆಯಲ್ಲ ಎಂದು ಧೈರ್ಯವಾಗಿರಬೇಡಿ. ನೆಲ 500 ಚದರ ಮೀಟರ್ ದಾಟದೆ ಫ್ಲಾಟುಗಳೂ ಎಂಟು ದಾಟದಿದ್ದರೆ ನೋಂದಣಿ ಕಡ್ಡಾಯವಲ್ಲ. ನಿಮ್ಮ ಸೈಟು 223 ಚದರ ಮೀಟರ್. ಹಳೇ ಬಡಾವಣೆಗಳ ಇಂಥ ಸೈಟುಗಳ ಕೆಲಸ ಬಹುಪಾಲು ರೇರಾದ ಹೊರಗೇ ನಡೆಯುತ್ತದೆ. ಖರೀದಿದಾರರ ಹಣದಲ್ಲಿ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಡುವ ನಿಯಮ ಅಲ್ಲಿಲ್ಲ. ನಿಮ್ಮನ್ನು ಕಾಯುವುದು ಕರಾರು ಒಂದೇ. ಹಾಗಾಗಿ ಹದಿನೆಂಟು ಪುಟವನ್ನೂ ಕನ್ನಡಕ್ಕೆ ಮಾಡಿಸಿ, ಮನೆಯ ಹಿರಿಯರಿಗೆ ಓದಿ ಹೇಳಿ. ಬಿಲ್ಡರ್ ಗೊತ್ತುಮಾಡಿದ ವಕೀಲರಿಂದ ಅಲ್ಲ, ನೀವೇ ಶುಲ್ಕ ಕೊಟ್ಟ ವಕೀಲರಿಂದ ನೋಡಿಸಿ.

ಜನ ಮರೆಯುವುದು ಇನ್ನೊಂದಿದೆ. ಹಳೇ ಮನೆಯ ಸಾಗುವಾನಿ ತೊಲೆ, ಬಾಗಿಲು, ಕಿಟಕಿ, ಕಲ್ಲುಚಪ್ಪಡಿಗೆ ಒಳ್ಳೆಯ ಬೆಲೆ ಇದೆ. ಅದು ಯಾರಿಗೆ ಸೇರಬೇಕು ಎಂದು ಬರೆಯದಿದ್ದರೆ ಕೆಡವುವ ಗುತ್ತಿಗೆದಾರರ ಲಾರಿಯಲ್ಲಿ ಹೋಗುತ್ತದೆ.

ಪ್ರಶ್ನೆ: ನನ್ನ ಮದುವೆ ಆದದ್ದು 1988ರಲ್ಲಿ. ಬಸವನಗುಡಿಯ ತೌರುಮನೆಯನ್ನು ತಮ್ಮಂದಿರು ಬಿಲ್ಡರಿಗೆ ಕೊಡುತ್ತಿದ್ದಾರೆ. ‘ಅಕ್ಕಾ, ನಿನ್ನ ಸಹಿ ಬೇಕಿಲ್ಲ’ ಅಂದವರು ಈಗ ‘ಸುಮ್ಮನೆ ಒಂದು ಸಹಿ ಹಾಕು’ ಅನ್ನುತ್ತಿದ್ದಾರೆ. ತಂದೆ ತೀರಿಕೊಂಡಿದ್ದಾರೆ, ಉಯಿಲು ಬರೆದಿಲ್ಲ.

ಉತ್ತರ: ಮನೆ ತಂದೆಯವರ ಸ್ವಂತ ದುಡಿಮೆಯದಾದರೆ ಲೆಕ್ಕ ಸರಳ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ಅವರೂ, ಸಮಾನ ಹಕ್ಕುದಾರರು. ಇದು 1956ರ ಕಾನೂನಿನಿಂದಲೇ ಇದೆ, ಮದುವೆ ಯಾವಾಗ ಆಯಿತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಗೊಂದಲ ಇರುವುದು ಪಿತ್ರಾರ್ಜಿತದ ವಿಷಯದಲ್ಲಿ. ಕರ್ನಾಟಕದ 1994ರ ತಿದ್ದುಪಡಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಮಾತ್ರ ಸಹಭಾಗಿತ್ವ, ಅಂದರೆ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಪಾಲು, ಕೊಟ್ಟಿತ್ತು, ‘ನಿನ್ನ ಸಹಿ ಬೇಕಿಲ್ಲ’ ಎಂಬ ಮಾತು ಉಳಿದುಬಂದಿರುವುದು ಅಲ್ಲಿಂದ. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗ ಆಗಿದ್ದರೆ ಅದನ್ನು ಕೆದಕಲು ಬರುವುದಿಲ್ಲ.

‘ಸುಮ್ಮನೆ ಒಂದು ಸಹಿ’ ಎಂಬುದು ಹೆಚ್ಚಾಗಿ ಹಕ್ಕು ಬಿಡುಗಡೆ ಪತ್ರ. ಒಮ್ಮೆ ನೋಂದಣಿಯಾದರೆ ಹಿಂದಕ್ಕೆ ತರುವುದು ಬಲು ಕಷ್ಟ. ಪಾಲನ್ನು ಬಿಟ್ಟುಕೊಡುವ ಮನಸ್ಸಿದ್ದರೆ ಬಿಟ್ಟುಕೊಡಿ, ಅದು ನಿಮ್ಮ ಇಷ್ಟ. ಆದರೆ ಏನು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ. ಇಷ್ಟವಿಲ್ಲದಿದ್ದರೆ, ತಮ್ಮಂದಿರ ಜೊತೆ ನೀವೂ ಕರಾರಿನ ಒಬ್ಬ ಪಕ್ಷಗಾರರಾಗಿ, ನಿಮ್ಮ ಪಾಲಿನ ಫ್ಲಾಟು ಅಥವಾ ಹಣವನ್ನು ಅದರಲ್ಲೇ ನಮೂದಿಸಿಕೊಳ್ಳಿ. ತಮ್ಮಂದಿರಿಗೂ ಇದೇ ಕ್ಷೇಮ. ಹೆಣ್ಣುಮಕ್ಕಳ ಸಹಿ ಇಲ್ಲದ ಪತ್ರ ನೋಡಿದರೆ ಫ್ಲಾಟು ಕೊಳ್ಳುವವರ ಬ್ಯಾಂಕು ಸಾಲ ನಿಲ್ಲಿಸುತ್ತದೆ.

ಪ್ರಶ್ನೆ: ಬಿಲ್ಡರ್ ಕೊಡುವ ಫ್ಲಾಟಿಗೂ ಆದಾಯ ತೆರಿಗೆ ಕಟ್ಟಬೇಕೇ? ನಾವು ಏನನ್ನೂ ಮಾರಿಲ್ಲವಲ್ಲ.

ಉತ್ತರ: ಕಟ್ಟಬೇಕು. ನೆಲದ ಒಂದು ಭಾಗ ಕೊಟ್ಟು ಫ್ಲಾಟು ಪಡೆದದ್ದೂ ಕಾನೂನಿನ ಕಣ್ಣಿನಲ್ಲಿ ಮಾರಾಟವೇ. 2017ರ ಬಜೆಟ್ಟಿನಲ್ಲಿ ಬಂದ ನಿಯಮದಿಂದ ಒಂದು ಅನುಕೂಲ ಆಗಿದೆ: ಕರಾರು ನೋಂದಾಯಿತವಾಗಿದ್ದು, ಮಾಲೀಕರು ವ್ಯಕ್ತಿ ಅಥವಾ ಅವಿಭಕ್ತ ಕುಟುಂಬವಾಗಿದ್ದರೆ, ತೆರಿಗೆ ಬರುವುದು ಸಹಿ ಹಾಕಿದ ವರ್ಷ ಅಲ್ಲ, ಪೂರ್ಣತಾ ಪತ್ರ ಸಿಕ್ಕ ವರ್ಷ. ಆ ದಿನದ ಸರ್ಕಾರಿ ಮಾರ್ಗಸೂಚಿ ದರದಲ್ಲಿ ನಿಮ್ಮ ಪಾಲಿನ ಫ್ಲಾಟುಗಳ ಬೆಲೆ, ಅದರ ಮೇಲೆ ಕೈಗೆ ಬಂದ ನಗದು, ಎರಡೂ ಸೇರಿಸಿ ಲಾಭ ಲೆಕ್ಕ ಹಾಕುತ್ತಾರೆ. ನಗದಿನ ಮೇಲೆ ಬಿಲ್ಡರ್ ಶೇ 10 ಟಿಡಿಎಸ್, ಅಂದರೆ ಕೊಡುವಾಗಲೇ ಕಳೆಯುವ ತೆರಿಗೆ, ಹಿಡಿಯಬೇಕು. ಪೂರ್ಣತಾ ಪತ್ರಕ್ಕೆ ಮೊದಲೇ ನಿಮ್ಮ ಪಾಲನ್ನು ಬೇರೆಯವರಿಗೆ ವರ್ಗಾಯಿಸಿದರೆ ಈ ಅನುಕೂಲ ತಪ್ಪುತ್ತದೆ, ತೆರಿಗೆ ಆ ವರ್ಷವೇ ಬರುತ್ತದೆ. ವಾಸದ ಮನೆಯ ವಿನಾಯಿತಿ ಸಾಮಾನ್ಯವಾಗಿ ಒಂದು ಮನೆಗೆ. ಲಾಭ 2 ಕೋಟಿ ಮೀರದಿದ್ದರೆ ಜೀವಮಾನದಲ್ಲಿ ಒಮ್ಮೆ ಎರಡು ಮನೆಗೆ ಸಿಗುತ್ತದೆ. ಮೂರು ನಾಲ್ಕು ಫ್ಲಾಟು ಬಂದವರು ಉಳಿದವಕ್ಕೆ ತೆರಿಗೆ ಕಟ್ಟಲು ಒಂದನ್ನು ಮಾರಬೇಕಾಗಿ ಬರುತ್ತದೆ. ಕರಾರಿಗೆ ಮೊದಲೇ ಲೆಕ್ಕಪರಿಶೋಧಕರನ್ನು ಕಂಡು ಅಂದಾಜು ಬರೆಸಿಕೊಳ್ಳಿ. ಜಿಎಸ್‌ಟಿ ಯಾರು ಹೊರಬೇಕು ಎಂಬುದನ್ನೂ ಕರಾರಿನಲ್ಲೇ ಇತ್ಯರ್ಥ ಮಾಡಿಕೊಳ್ಳಿ.

ಪ್ರಶ್ನೆ: ಚಾಮರಾಜಪೇಟೆಯಲ್ಲಿ ಹತ್ತು ಹನ್ನೆರಡಡಿಯ ಅಂಗಡಿ ಮಳಿಗೆ, ತಂದೆಯವರ ಕಾಲದಿಂದ ಬಾಡಿಗೆಗಿದೆ. ಕಟ್ಟಡ ಮಾರಿದ್ದಾರೆ. ಹೊಸ ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಿಲ್ಲ, ಕರೆಂಟು ತೆಗೆಸುತ್ತೇವೆ ಅನ್ನುತ್ತಾರೆ.

ಉತ್ತರ: ಮಾಲೀಕರು ಬದಲಾದರೆ ಬಾಡಿಗೆ ಹಕ್ಕು ಸತ್ತುಹೋಗುವುದಿಲ್ಲ. ಕೊಂಡವರು ಹಳೇ ಮಾಲೀಕರ ಹಕ್ಕಿನ ಜೊತೆ ಹೊಣೆಯನ್ನೂ ಕೊಂಡಿರುತ್ತಾರೆ. ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಎರಡು ಅಳತೆಗಳ ಮೇಲೆ ನಿಂತಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್ ಮೀರದವಕ್ಕೆ ಮಾತ್ರ. ನಿಮ್ಮದು 120 ಚದರಡಿ, ಅಂದರೆ ಸುಮಾರು 11 ಚದರ ಮೀಟರ್, ಒಳಗೇ ಇದೆ. ಇನ್ನೊಂದು, ಕಾಯ್ದೆ ಜಾರಿಗೆ ಬಂದ 2001ರ ಡಿಸೆಂಬರ್ 31ರಂದು ಬೆಂಗಳೂರಿನಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿರಬಾರದು. ಆ ವರ್ಷದ ರಸೀದಿ ಎಲ್ಲಿದ್ದರೂ ಹುಡುಕಿ ತೆಗೆಯಿರಿ. ಬಾಡಿಗೆ ತಂದೆಯವರ ಹೆಸರಿನಲ್ಲಿತ್ತೋ ನಿಮ್ಮ ಹೆಸರಿಗೆ ಬಂದಿದೆಯೋ ನೋಡಿ. ಬಾಡಿಗೆದಾರ ತೀರಿಕೊಂಡ ಮೇಲೆ ವಾರಸುದಾರರಿಗೆ ಈ ಕಾಯ್ದೆಯಲ್ಲಿ ಸಿಗುವ ಅವಧಿ ಐದು ವರ್ಷ. ರಸೀದಿ ನಿಮ್ಮ ಹೆಸರಿಗೇ ಬರುತ್ತಿದ್ದರೆ ವಾದದ ದಾರಿ ಬೇರೆ.

ರಕ್ಷಣೆ ಇದ್ದರೆ, ಕಾಯ್ದೆಯಲ್ಲಿ ಹೇಳಿದ ಕಾರಣವನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡದೆ ಬಿಡಿಸಲು ಬರುವುದಿಲ್ಲ. ಕೆಡವಿ ಕಟ್ಟಲು ಬೇಕು ಎಂದು ಅವರು ದಾವೆ ಹಾಕಿದರೆ, ಹೊಸ ಕಟ್ಟಡದಲ್ಲಿ ಮರುಪ್ರವೇಶ ಬೇಕೆಂದು ನಿಮ್ಮ ವಕೀಲರು ತಕರಾರಿನಲ್ಲೇ ಕೇಳಬೇಕು. ಬಾಯಿಮಾತಿನ ‘ಕೆಳಗೊಂದು ಮಳಿಗೆ ಕೊಡ್ತೀವಿ’ ನಿಲ್ಲುವುದಿಲ್ಲ. ರಕ್ಷಣೆಯ ಹೊರಗಿದ್ದರೂ ಹದಿನೈದು ದಿನದ ಲಿಖಿತ ನೋಟಿಸು, ಆಮೇಲೆ ದಾವೆ, ಆಮೇಲೆ ಆದೇಶ, ಇದೇ ಕ್ರಮ. ಕರೆಂಟು ತೆಗೆಸುವುದು, ಬೀಗ ಒಡೆಯುವುದು ಇದರಲ್ಲಿಲ್ಲ. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಕೇಳಬಹುದು. ಆರು ತಿಂಗಳು ದಾಟಿದರೆ ಈ ಸುಲಭದ ದಾರಿ ಮುಚ್ಚುತ್ತದೆ.

ಅಲ್ಲಿಯವರೆಗೆ ಒಂದು ತಿಂಗಳ ಬಾಡಿಗೆಯನ್ನೂ ಬಾಕಿ ಬಿಡಬೇಡಿ. ಅವರು ಬೇಡವೆನ್ನುವುದೇ ನಾಳೆ ‘ಬಾಕಿದಾರ’ ಎಂದು ತೋರಿಸಲು. ಬ್ಯಾಂಕಿನ ಮೂಲಕ ಕಳುಹಿಸಿ. ವಾಪಸ್ಸಾದರೆ ಕಳುಹಿಸಿದ ದಾಖಲೆ ಇಟ್ಟುಕೊಂಡು ವಕೀಲರ ನೋಟಿಸು ಕೊಡಿಸಿ. ವ್ಯಾಪಾರ ಪರವಾನಗಿ, ವಿದ್ಯುತ್ ಬಿಲ್ಲು, ಅಂಗಡಿಯ ಫೋಟೋ ಎಲ್ಲ ಒಂದು ಫೈಲಿನಲ್ಲಿರಲಿ, ಆ ಫೈಲು ಅಂಗಡಿಯಲ್ಲಿ ಬೇಡ.

ಪ್ರಶ್ನೆ: ಹನ್ನೆರಡು ಲಕ್ಷ ಕೊಟ್ಟು ಭೋಗ್ಯಕ್ಕಿದ್ದೇವೆ. ಮನೆಯವರು ಬಿಲ್ಡರಿಗೆ ಕೊಟ್ಟಾಗಿದೆ, ‘ಖಾಲಿ ಮಾಡಿ, ಬಿಲ್ಡರ್ ಅಡ್ವಾನ್ಸ್ ಬಂದ ಕೂಡಲೇ ಕೊಡ್ತೀನಿ’ ಅನ್ನುತ್ತಾರೆ.

ಉತ್ತರ: ಹಣ ಖಾತೆಗೆ ಬಂದ ಮೇಲೇ ಬೀಗದ ಕೈ. ಎರಡೂ ಒಂದೇ ದಿನ, ಒಂದೇ ಮೇಜಿನ ಮೇಲೆ ಆಗಲಿ. ಚೆಕ್ಕು ಕೊಟ್ಟರೆ ಅದು ನಗದಾಗುವವರೆಗೆ ಸಾಮಾನು ಸಾಗಿಸಬೇಡಿ.

ನಿಮ್ಮ ಪತ್ರದ ಬಲ ಎಷ್ಟು ಎಂದು ನೋಡಿ. ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಮೂರು ವರ್ಷಕ್ಕೆ ಬರೆದು ನೋಂದಣಿ ಮಾಡಿಸದ ‘ಲೀಸ್ ಅಗ್ರಿಮೆಂಟ್’ ಬೆಂಗಳೂರಿನಲ್ಲಿ ಮನೆಮನೆಗೂ ಇದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೂ, ಸ್ವಾಧೀನ ಸಹಿತ ಭೋಗ್ಯಕ್ಕೂ ನೋಂದಣಿ ಕಡ್ಡಾಯ. ನೋಂದಣಿಯಾದದ್ದು ಆಸ್ತಿಯ ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ ಕಾಣುತ್ತದೆ, ಬಿಲ್ಡರ್ ನಿಮ್ಮನ್ನು ದಾಟಿ ಹೋಗಲಾರರು. ನೋಂದಣಿಯಾಗದಿದ್ದರೆ, ನೀವು ಹಣ ಕೊಟ್ಟ ಬ್ಯಾಂಕ್ ದಾಖಲೆ, ಮನೆಯೊಳಗೆ ನೀವು ವಾಸವಿರುವುದು, ಇವೆರಡೇ ನಿಮ್ಮ ಕೈಲಿರುವ ಆಸರೆ. ಬಿಲ್ಡರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಈಗಲೇ ತಿಳಿಸಿ: ಇಷ್ಟು ಹಣ ಬರಬೇಕು, ಬಂದ ದಿನ ಖಾಲಿ ಮಾಡುತ್ತೇವೆ. ಮಾಲೀಕರಿಗೆ ಕೊಡುವ ಅಡ್ವಾನ್ಸಿನಲ್ಲೇ ಹನ್ನೆರಡು ಲಕ್ಷ ಹಿಡಿದು ನೇರ ನಿಮ್ಮ ಖಾತೆಗೆ ಕೊಡಲು ಅವರು ಒಪ್ಪುವುದುಂಟು, ಖಾಲಿ ಮನೆ ಅವರಿಗೂ ಬೇಕು. ಮೂವರ ಸಹಿಯ ಒಂದು ಪುಟದ ಪತ್ರ ಇದಕ್ಕೆ ಸಾಕು.

ಪ್ರಶ್ನೆ: ಪಕ್ಕದ ಸೈಟಿನಲ್ಲಿ ಸೆಲ್ಲಾರಿಗೆಂದು ಹನ್ನೆರಡಡಿ ಅಗೆದಿದ್ದಾರೆ. ನಮ್ಮ ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ‘ಹಳೇ ಮನೆ, ಮೊದಲೇ ಇತ್ತು’ ಅನ್ನುತ್ತಾರೆ.

ಉತ್ತರ: ಆ ಕಾಲದ ಮನೆಗಳಿಗೆ ಸೈಜುಗಲ್ಲಿನ ಪಾಯ, ಆಳ ಸಾಮಾನ್ಯವಾಗಿ ಮೂರು ನಾಲ್ಕಡಿ. ಪಕ್ಕದಲ್ಲಿ ಹನ್ನೆರಡಡಿ ನೆಟ್ಟಗೆ ಕಡಿದು ಆಸರೆ ಕೊಡದಿದ್ದರೆ ಪಾಯದ ಅಡಿಯ ಮಣ್ಣು ಗುಂಡಿಯ ಕಡೆಗೆ ಸರಿಯುತ್ತದೆ, ಆ ಮೂಲೆ ಕುಸಿಯುತ್ತದೆ, ಗೋಡೆ ತನ್ನ ಬಲಹೀನ ಜಾಗವಾದ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಗುಂಡಿಯ ನೀರನ್ನು ಹಗಲು ರಾತ್ರಿ ಪಂಪಿನಲ್ಲಿ ಎತ್ತುತ್ತಿದ್ದರೆ ನೀರಿನ ಜೊತೆ ನುಣ್ಣನೆಯ ಮಣ್ಣೂ ಹೋಗುತ್ತದೆ. ಮಳೆ ಬಂದ ರಾತ್ರಿ ಅಪಾಯ ಹೆಚ್ಚು.

ಇವತ್ತೇ ಮಾಡಬೇಕಾದ್ದು: ಪ್ರತಿ ಬಿರುಕಿನ ಪಕ್ಕ ಅಳತೆಪಟ್ಟಿ ಇಟ್ಟು, ಅಂದಿನ ದಿನಪತ್ರಿಕೆಯೂ ಕಾಣುವಂತೆ ಫೋಟೋ ತೆಗೆಯಿರಿ. ಬಿರುಕಿನ ಎರಡು ಬದಿ ಪೆನ್ಸಿಲಿನಲ್ಲಿ ಗುರುತು ಹಾಕಿ, ನಡುವಿನ ಅಂತರವನ್ನು ದಿನಾ ಒಂದೇ ಹೊತ್ತಿಗೆ ಬರೆದಿಡಿ. ಗಾರೆ ಕೆರೆದು ಇಟ್ಟಿಗೆ ಕಾಣುವಂತೆ ಮಾಡಿ, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡು ತುದಿಗೂ ಪ್ಲಾಸ್ಟರ್ ಹಚ್ಚಿ ಕೂರಿಸಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ, ‘ಮೊದಲೇ ಇತ್ತು’ ಎಂಬ ಮಾತಿಗೆ ಅದೇ ಉತ್ತರ. ಒಂದು ಮಿಲಿಮೀಟರಿನ ಒಳಗೆ ನಿಂತ ಬಿರುಕಿಗೆ ಹೆದರಬೇಕಿಲ್ಲ. ಐದು ದಾಟಿದರೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ, ನೆಲ ಗುಂಡಿಯ ಕಡೆ ವಾಲಿದರೆ ಆ ಕೋಣೆಯಲ್ಲಿ ಮಲಗಬೇಡಿ.

ಗುಂಡಿ ತೆರೆದಿರುವಾಗ ಬಿರುಕಿಗೆ ಸಿಮೆಂಟು ತುಂಬಿಸಲು ಒಪ್ಪಬೇಡಿ. ಬಿಲ್ಡರ್ ಕಡೆಯವರು ಮೊದಲು ಮಾಡಿಕೊಡುತ್ತೇವೆ ಅನ್ನುವುದು ಇದನ್ನೇ. ಅದು ಸಾಕ್ಷ್ಯ ಮುಚ್ಚುತ್ತದೆ, ಗೋಡೆ ನಿಲ್ಲಿಸುವುದಿಲ್ಲ. ನೀವು ಕೇಳಬೇಕಾದ್ದು ಮೂರು: ನಿಮ್ಮ ಗಡಿಯುದ್ದಕ್ಕೂ ಆಸರೆ ಗೋಡೆ ಅಥವಾ ಉಕ್ಕಿನ ತಡೆ, ಅದರ ವಿನ್ಯಾಸಕ್ಕೆ ಎಂಜಿನಿಯರ ಸಹಿ, ಮತ್ತು ಅಗೆತವನ್ನು ಒಂದೇ ಸಲ ಉದ್ದಕ್ಕೆ ತೆರೆಯದೆ ಐದಾರು ಅಡಿಯ ತುಂಡುಗಳಲ್ಲಿ ಮಾಡಿ ಕೂಡಲೇ ಕಟ್ಟಿಕೊಂಡು ಹೋಗುವುದು. ಮಂಜೂರಾದ ಪ್ಲಾನಿನಲ್ಲಿ ಸೆಲ್ಲಾರ್ ಇದೆಯೇ, ಗಡಿಯಿಂದ ಎಷ್ಟು ಅಡಿ ಬಿಡಬೇಕಿತ್ತು ಎಂದು ಪ್ಲಾನಿನ ಪ್ರತಿ ತೆಗೆಸಿ ನೋಡಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ದೂರನ್ನು ನಿಮ್ಮ ಪಾಲಿಕೆಯ ಆಯುಕ್ತರಿಗೂ ವಾರ್ಡಿನ ಎಂಜಿನಿಯರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೆಲಸ ನಿಲ್ಲದಿದ್ದರೆ ನಿಮ್ಮದೇ ಎಂಜಿನಿಯರ ವರದಿ, ಫೋಟೋ, ಅಳತೆಯ ಪಟ್ಟಿ ಹಿಡಿದು ಸಿವಿಲ್ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಪಕ್ಕದ ಮನೆ ಕೆಡವುವ ಸುದ್ದಿ ಇನ್ನೂ ಕಿವಿಗೆ ಬಿದ್ದಿರುವವರು ಬಿರುಕಿಲ್ಲದ ಗೋಡೆಗಳ ಫೋಟೋ ಈಗಲೇ ತೆಗೆದಿಡಿ.

ಪ್ರಶ್ನೆ: ನಮ್ಮ ತಾಯಿ ಮಾರುಕಟ್ಟೆ ಬೀದಿಯಲ್ಲಿ ಹೂ ಮಾರುತ್ತಾರೆ. ರಸ್ತೆ ಚಂದ ಮಾಡುತ್ತಾರಂತೆ, ಎತ್ತಂಗಡಿ ಆಗುತ್ತದಾ?

ಉತ್ತರ: 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಮೂವತ್ತು ದಿನದ ನೋಟಿಸು ಇಲ್ಲದೆ ಎತ್ತಂಗಡಿ ಮಾಡುವಂತಿಲ್ಲ, ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡದೆಯೂ ಮಾಡುವಂತಿಲ್ಲ. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ಹೂವಿನಂಥ ಬಾಡುವ ಸರಕನ್ನು ಶುಲ್ಕ ಕಟ್ಟಿಸಿಕೊಂಡು ಅದೇ ದಿನ ಮರಳಿಸಬೇಕು. ತಾಯಿಯವರ ಹೆಸರು ಸಮೀಕ್ಷೆಯಲ್ಲಿ ಇದೆಯೇ ಎಂದು ಈ ವಾರವೇ ನೋಡಿ. ಸಮೀಕ್ಷೆಯ ದಿನ ಅವರು ಊರಿಗೆ ಹೋಗಿದ್ದು ಪಟ್ಟಿಯಲ್ಲಿ ಬಿಟ್ಟುಹೋಗಿದ್ದರೆ ಪಟ್ಟಣ ವ್ಯಾಪಾರ ಸಮಿತಿಗೆ ಲಿಖಿತ ಅರ್ಜಿ ಕೊಡಿ. ಆ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರನ್ನು ಹುಡುಕಿ ಮಾತಾಡಿ.

ಪ್ರಶ್ನೆ: ಮನೆ ಮುಂದಿನ ಹೊಂಗೆ ಮರವನ್ನು ಬಿಲ್ಡರ್ ಭಾನುವಾರ ಕಡಿಸುತ್ತಾರಂತೆ.

ಉತ್ತರ: 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಬೇಕು. ಕಾಗದ ತೋರಿಸಿ ಎಂದು ಕೇಳಿ, ಯಾವ ಮರ, ಎಷ್ಟು ಮರ ಎಂದು ಅದರಲ್ಲೇ ಇರುತ್ತದೆ. ಕಚೇರಿ ಮುಚ್ಚಿರುವ ದಿನವನ್ನೇ ಆರಿಸಿದ್ದಾರೆ, ಆದ್ದರಿಂದ ಶುಕ್ರವಾರವೇ ಪಾಲಿಕೆಯ ಅರಣ್ಯ ವಿಭಾಗಕ್ಕೆ ಫೋಟೋ ಸಮೇತ ದೂರು ಕೊಟ್ಟಿರಿ.

ಪ್ರಶ್ನೆ: ಅಕ್ಕಪಕ್ಕದವರೆಲ್ಲ ಕೊಟ್ಟರು, ನಾವೊಬ್ಬರೇ ಉಳಿದಿದ್ದೇವೆ. ಎಂಬತ್ತು ವರ್ಷದ ಮನೆ. ‘ನಿಲ್ಲಲ್ಲ, ಕೊಟ್ಟುಬಿಡಿ’ ಎಂದು ಹೆದರಿಸುತ್ತಾರೆ. ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಬಹುದು. ಖಾಸಗಿ ಬಿಲ್ಡರಿಗೆ ನಿಮ್ಮ ಮನೆ ಬಿಡಿಸುವ ಯಾವ ಅಧಿಕಾರವೂ ಇಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆ ಎಂಬತ್ತು ವರ್ಷಕ್ಕೆ ಬೀಳುವಂಥದ್ದಲ್ಲ. ಅದನ್ನು ಕೆಡಿಸುವುದು ನೀರು ಮತ್ತು ಗೆದ್ದಲು.

ಮೊದಲು ಜಂತೆ, ತೊಲೆಗಳ ತುದಿ ನೋಡಿ. ಮರ ಗೋಡೆಯೊಳಗೆ ಹೊಕ್ಕ ಜಾಗವೇ ಮೊದಲು ಕೊಳೆಯುವುದು. ಸ್ಕ್ರೂಡ್ರೈವರಿನಲ್ಲಿ ಚುಚ್ಚಿ. ಅರ್ಧ ಇಂಚಿಗಿಂತ ಆಳ ಮೆತ್ತಗೆ ಇಳಿದರೆ ಆ ತುದಿಗೆ ಆಸರೆ ಕೊಟ್ಟು ಬದಲಿಸಬೇಕು, ಇಡೀ ಚಾವಣಿಯನ್ನಲ್ಲ. ಮದ್ರಾಸ್ ತಾರಸಿಯಾದರೆ (ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ) ಮೇಲೆ ಮೂರು ನಾಲ್ಕು ಸಲ ಸಿಮೆಂಟು ಬಳಿದು ತೂಕ ಏರಿಸಿರುತ್ತಾರೆ. ಅದನ್ನು ಎಬ್ಬಿಸಿ ತೆಗೆಸಿ, ಮಳೆನೀರು ಹರಿಯುವ ಓಟ ಸರಿಮಾಡಿಸಿ. ಹೆಂಚಿನ ಚಾವಣಿಯಾದರೆ ಬದಲಿ ಮಂಗಳೂರು ಹೆಂಚು ನಿಮ್ಮ ಬೀದಿಯಲ್ಲಿ ಕೆಡವುತ್ತಿರುವ ಮನೆಗಳಲ್ಲೇ ಸಿಗುತ್ತದೆ. ಒಂದೇ ಕಾರ್ಖಾನೆಯ ಅಚ್ಚಿನದನ್ನು ಆರಿಸಿ, ಇಲ್ಲದಿದ್ದರೆ ಕಚ್ಚು ಕೂರದೆ ಸೋರುತ್ತದೆ.

ಗೋಡೆಯ ಕೆಳಗೆ ಗಾರೆ ಉದುರುತ್ತಿದ್ದರೆ ಸಿಮೆಂಟು ಬಳಿಸಬೇಡಿ. ಸುಣ್ಣದ ಗೋಡೆ ತೇವವನ್ನು ಹೊರಕ್ಕೆ ಬಿಡುತ್ತಾ ಉಸಿರಾಡುತ್ತದೆ. ಸಿಮೆಂಟು ಆ ದಾರಿ ಮುಚ್ಚಿದರೆ ತೇವ ಇನ್ನಷ್ಟು ಮೇಲೇರಿ ಒಳಗಿನಿಂದ ಇಟ್ಟಿಗೆ ಪುಡಿಯಾಗುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಜರಡಿ ಹಿಡಿದ ಮರಳು, ತೆಳುವಾಗಿ ಎರಡು ಮೂರು ಕೈ. ಪ್ರತಿ ಕೈಯೂ ನಿಧಾನವಾಗಿ ಒಣಗಲಿ, ಬಿಸಿಲು ಬೀಳುವ ಕಡೆ ಒದ್ದೆ ಗೋಣಿ ಕಟ್ಟಿ. ತೇವ ಎಲ್ಲಿಂದ ಬರುತ್ತಿದೆ ಎಂದೂ ಹುಡುಕಿ. ಹಳೇ ಬೀದಿಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಜಗಲಿಯ ಎತ್ತರಕ್ಕೆ ಬಂದಿದೆ, ಮಳೆನೀರು ಒಳಮುಖವಾಗಿ ಹರಿಯುತ್ತದೆ. ಗೇಟಿನ ಅಡ್ಡಕ್ಕೆ ಜಾಲರಿ ಮುಚ್ಚಿದ ಒಂದಡಿ ಅಗಲದ ಚರಂಡಿ ತೋಡಿಸಿ ಬೀದಿಯ ಚರಂಡಿಗೋ ಇಂಗುಗುಂಡಿಗೋ ಸೇರಿಸಿ. ಇಂಗುಗುಂಡಿ ಪಾಯದಿಂದ ಹತ್ತಡಿಯಾದರೂ ದೂರವಿರಲಿ.

ಮನೆ ಅಪಾಯದ ಸ್ಥಿತಿಯಲ್ಲಿದೆ ಎಂದು ಯಾರಾದರೂ ದೂರು ಕೊಟ್ಟು ಪಾಲಿಕೆಯಿಂದ ನೋಟಿಸು ಬಂದರೆ, ಅದರಲ್ಲಿ ಹೇಳಿದ ಗಡುವಿನೊಳಗೆ ಎಂಜಿನಿಯರ ತಪಾಸಣಾ ವರದಿ ಲಗತ್ತಿಸಿ ಉತ್ತರ ಕೊಡಿ. ಗಾರೆ ಕೆಲಸ ಶುರುಮಾಡುವ ಮೊದಲೇ ಆ ವರದಿ ಮಾಡಿಸಿಟ್ಟುಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ.